ಐದಕ್ಕೆ ಮೂರೂವರೆ: ನ್ಯೂಜೆರ್ಸಿ ಮನೆ ಟ್ಯಾಕ್ಸ್ ರಿಯಾಯಿತಿ, ಮಾವನ ಜೊತೆ ಓಡಾಡಿ ಬರೆದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಬರೀ ದುಡ್ಡು ನೋಡಿದ್ರೆ ನಾಲ್ಕೂವರೆ ಕೊಡ್ತಿದ್ದೆ. ಆದ್ರೆ ಆ ದುಡ್ಡು ಕೈಗೆ ಬರೋಷ್ಟೊತ್ತಿಗೆ ನನಗೂ ಮಾವನಿಗೂ ಆದ ಓಡಾಟ, ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ಇದು ನಮಗೆ ಗೊತ್ತೇ ಇರ್ಲಿಲ್ವಲ್ಲ ಅನ್ನೋ ಹೊಟ್ಟೆಉರಿ, ಇದಕ್ಕೆ ಒಂದು ಸ್ಟಾರ್ ಕಟ್.

ಮಾವ ಅತ್ತೆ ಇರೋದು ಸೆಂಟ್ರಲ್ ಜೆರ್ಸಿಲಿ, 1996ರಲ್ಲಿ ತಗೊಂಡ ಮನೇಲೇ. ಮಾವನಿಗೆ 76, ಅತ್ತೆಗೆ 71. ಮನೆ ಸಾಲ ತೀರಿ ಎಷ್ಟೋ ಕಾಲ ಆಯ್ತು, ಆದ್ರೂ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಖು ಹತ್ರ ಬಂತು ಅಂದ್ರೆ ಮಾವ ಚೆಕ್‌ಬುಕ್ ತೆಗೆದು ಡೈನಿಂಗ್ ಟೇಬಲ್ ಮುಂದೆ ಕೂತು "ಮನೆ ನಂದು, ಬಾಡಿಗೆ ಮಾತ್ರ ಇವರಿಗೆ" ಅಂತ ಗೊಣಗೋದು ತಪ್ಪಲ್ಲ. 2024ರಲ್ಲಿ ಅವರ ಮನೆ ಟ್ಯಾಕ್ಸ್ ಬಿಲ್ 10,236 ಡಾಲರ್. ಜಾಸ್ತಿ ಅನ್ಸುತ್ತಲ್ವಾ, ಆದ್ರೆ ಇಲ್ಲಿ ಇದು ಮಾಮೂಲಿ, ಆ ವರ್ಷ ಇಡೀ ರಾಜ್ಯದ ಸರಾಸರಿ ಬಿಲ್ಲೇ ಮೊದಲ ಸಲ 10,000 ದಾಟ್ತು, ಅಮೆರಿಕದಲ್ಲೇ ನಂಬರ್ ಒನ್. ಹಾಸನದ ಮನೆಗೆ ವರ್ಷಪೂರ್ತಿ ಕಟ್ಟೋ ಕಂದಾಯ ಇಲ್ಲಿ ಒಂದು ವಾರಕ್ಕೂ ಸಾಲಲ್ಲ, ಅದಕ್ಕೂ ಮಾವ ಪ್ರತಿ ಏಪ್ರಿಲ್ ತಿಂಗಳು ಊರಿಗೆ ಫೋನ್ ಹಚ್ಚಿ "ಈ ತಿಂಗಳೊಳಗೆ ಕಟ್ಬಿಡಪ್ಪ, 5 ಪರ್ಸೆಂಟ್ ಬಿಡ್ತಾರೆ" ಅಂತ ತಮ್ಮನಿಗೆ ನೆನಪಿಸ್ತಾರೆ. ಅಲ್ಲಿ ನೂರಿನ್ನೂರು ರೂಪಾಯಿ ಉಳಿಸೋಕೆ ಇಷ್ಟು ಹುಷಾರಾಗಿರೋ ಮನುಷ್ಯ ಇಲ್ಲಿ ಸಾವಿರಗಟ್ಟಲೆ ಡಾಲರ್ ಬಿಟ್ಕೊಂಡು ಕೂತಿದ್ರು ನೋಡಿ.

ಗೊತ್ತಾಗಿದ್ದು ಹೇಗೆ ಅಂದ್ರೆ, ಎಡಿಸನ್ನಿನ ಶ್ರೀಕೃಷ್ಣ ವೃಂದಾವನದಲ್ಲಿ ಪ್ರಸಾದದ ಸಾಲಲ್ಲಿ ನಿಂತಿದ್ವಿ, ಮುಂದೆ ನಿಂತಿದ್ದ ಒಬ್ರು ಹಿರಿಯರು ತಟ್ಟೆ ಹಿಡ್ಕೊಂಡೇ ಹಿಂದೆ ತಿರುಗಿ "ಏನ್ರೀ, ಸೀನಿಯರ್ ಫ್ರೀಜ್ ಹಾಕಿದ್ರಾ ಈ ಸಲ?" ಅಂತ ಮಾವನನ್ನ ಕೇಳಿದ್ರು. ಮಾವ ಫ್ರಿಜ್ ಅನ್ಕೊಂಡು "ಇಲ್ಲ, ಹಳೇದೇ ಚೆನ್ನಾಗಿ ನಡೀತಿದೆ" ಅಂದ್ರು. ನಾನು ಹುಳಿಯನ್ನ ಹಾಕಿಸ್ಕೊಳ್ಳೋದು ಬಿಟ್ಟು ಅವರ ಬೆನ್ನು ಬಿದ್ದೆ. ಊಟ ಮುಗಿಯೋಷ್ಟರಲ್ಲಿ ಪೂರ್ತಿ ಕಥೆ ಸಿಕ್ತು, ಅದು ಹಿರಿಯರಿಗೆ ಮನೆ ಟ್ಯಾಕ್ಸ್ ಏರಿದಷ್ಟನ್ನ ರಾಜ್ಯ ಸರ್ಕಾರ ವಾಪಸ್ ಕೊಡೋ ಸ್ಕೀಮು. ಜೊತೆಗೆ ಪಕ್ಕದಲ್ಲಿದ್ದವರೊಬ್ರು "ಅದಕ್ಕೆ ಒಬ್ಬ ಏಜೆಂಟ್ ಇದಾನೆ, 150 ಡಾಲರ್ ತಗೊಂಡು ಎಲ್ಲ ತುಂಬಿಕೊಡ್ತಾನೆ" ಅಂದ್ರು. ದಯವಿಟ್ಟು ಕೊಡ್ಬೇಡಿ. ಅರ್ಜಿಗೆ ಒಂದು ಪೈಸೆ ಫೀಸ್ ಇಲ್ಲ, ಆನ್‌ಲೈನಲ್ಲಿ ತುಂಬಬಹುದು, ಲೈಬ್ರರಿಲಿ ಸೀನಿಯರ್ ಸೆಂಟರಲ್ಲಿ ಕೇಳಿದ್ರೆ ಕೂರಿಸ್ಕೊಂಡು ಹೇಳಿಕೊಡೋರೂ ಸಿಗ್ತಾರೆ.

ಈಗ ವಿಷಯಕ್ಕೆ ಬರೋಣ. ಇಲ್ಲಿ ರಿಯಾಯಿತಿ ಅಂದ್ರೆ ಒಂದಲ್ಲ, ಎರಡು ಅಂಗಡಿ ಇದ್ದಂಗೆ. ಒಂದು ನಿಮ್ಮ ಟೌನ್ ಆಫೀಸು, ಅದು ಚಿಲ್ಲರೆ ಅಂಗಡಿ, ಅಲ್ಲಿ ಸಿಗೋದು 250 ಡಾಲರ್ ಕಡಿತ, ಬಿಲ್ಲಲ್ಲೇ ಕಮ್ಮಿ ಆಗುತ್ತೆ. ಇನ್ನೊಂದು ರಾಜ್ಯ ಸರ್ಕಾರದ್ದು, ಹೋಲ್‌ಸೇಲ್, ಅಲ್ಲಿ ಸಾವಿರಗಳ ಲೆಕ್ಕ, ಆದ್ರೆ ಮೊದ್ಲು ನೀವು ಪೂರ್ತಿ ಬಿಲ್ ಕಟ್ಬೇಕು, ಆಮೇಲೆ ಅವರು ವಾಪಸ್ ಕೊಡ್ತಾರೆ. ಜನ ಎರಡನ್ನೂ ಒಂದೇ ಅನ್ಕೊಂಡು ಅಲ್ಲಿಯ ಫಾರ್ಮ್ ಇಲ್ಲಿ ಕೊಟ್ಟು, ಇಲ್ಲ ಅನ್ನಿಸ್ಕೊಂಡು ಮನೆಗೆ ಬರ್ತಾರೆ. ನಾವೂ ಮೊದಲ ದಿನ ಅದೇ ಮಾಡಿದ್ವಿ.

ಟೌನ್ ಆಫೀಸಿಗೆ ಹೋಗ್ಬೇಕು, ಟ್ಯಾಕ್ಸ್ ಕಲೆಕ್ಟರ್ ಸೈನ್ ಬೇಕು ಅಂದೆ. ಮಾವ ಇಸ್ತ್ರಿ ಮಾಡಿದ ಪ್ಯಾಂಟು, ಫುಲ್ ತೋಳಿನ ಶರ್ಟು ಹಾಕ್ಕೊಂಡು ರೆಡಿ. "ಕಲೆಕ್ಟರ್ ನೋಡೋಕೆ ಹೋಗ್ವಾಗ ಹೆಂಗೆಂಗೋ ಹೋಗೋಕಾಗುತ್ತಾ ಅಮ್ಮ" ಅಂತಾರೆ. ಅಯ್ಯೋ ಮಾವ ಇಲ್ಲಿ ಕಲೆಕ್ಟರ್ ಅಂದ್ರೆ ಡಿಸಿ ಅಲ್ಲ, ಗಾಜಿನ ಹಿಂದೆ ಕೂತು ಚೆಕ್ ತಗೊಳ್ಳೋರು ಅಂತ ಕಾರಲ್ಲಿ ಹೇಳ್ದೆ, ಸ್ವಲ್ಪ ಬೇಜಾರೇ ಆಯ್ತು ಅವರಿಗೆ. (ನಮ್ಮ ಟೌನ್ ಯಾವುದು ಅಂತ ಬರೀತಿಲ್ಲ, ಮುಂದಿನ ತಿಂಗಳೂ ಅದೇ ಕಿಟಕಿಗೆ ಹೋಗ್ಬೇಕು ನಾನು.)

ಮೊದಲ ದಿನ ಹೋದಾಗ ಹನ್ನೆರಡೂಕಾಲು, ಊಟಕ್ಕೆ ಕಿಟಕಿ ಮುಚ್ಚಿತ್ತು. ಫೋನ್ ಮಾಡಿ ಕೇಳ್ಕೊಂಡೇ ಹೋಗೋಣ ಅಂದ್ರೆ ವಾಯ್ಸ್‌ಮೇಲ್ ಬಿಟ್ರೆ ಯಾರೂ ಎತ್ತಲ್ಲ. ಎರಡು ಗಂಟೆಗೆ ತೆಗೆದ್ರು. ಅಸೆಸರ್ ಅಂತ ಒಂದು ಕಿಟಕಿ, ಕಲೆಕ್ಟರ್ ಅಂತ ಪಕ್ಕದಲ್ಲೇ ಇನ್ನೊಂದು. ಅಸೆಸರ್ ಮನೆಗೆ ಬೆಲೆ ಕಟ್ಟೋರು, ಕಲೆಕ್ಟರ್ ದುಡ್ಡು ತಗೊಳ್ಳೋರು. 250ರ ಅರ್ಜಿ ಹಿಂದಿನ ವರ್ಷದಲ್ಲೇ ಕೊಟ್ರೆ ಅಸೆಸರ್ ಹತ್ರ, ಟ್ಯಾಕ್ಸ್ ವರ್ಷ ಶುರುವಾದ್ಮೇಲೆ ಕೊಟ್ರೆ ಕಲೆಕ್ಟರ್ ಹತ್ರ. ಈ ಒಂದು ವಾಕ್ಯ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ರೆ ಅರ್ಧ ಕ್ಯೂ ಕರಗುತ್ತೆ, ಯಾರೂ ಅಂಟಿಸಿಲ್ಲ.

ಹಿರಿಯರ 250 ಡಾಲರ್ ಕಡಿತ: 65 ತುಂಬಿರ್ಬೇಕು ಇಲ್ಲಾ ಪೂರ್ತಿ ಶಾಶ್ವತ ಅಂಗವೈಕಲ್ಯ ಇರ್ಬೇಕು, ಹಿಂದಿನ ವರ್ಷದ ಅಕ್ಟೋಬರ್ ಒಂದಕ್ಕೆ ಮನೆ ಅವರ ಹೆಸರಲ್ಲಿರ್ಬೇಕು, ಅವರೇ ಅಲ್ಲಿ ವಾಸ ಇರ್ಬೇಕು. ಇಷ್ಟರವರೆಗೆ ಮಾವ ಪಾಸ್. ಆಮೇಲೆ ಬಂತು ವರಮಾನದ ಮಿತಿ. ವರ್ಷಕ್ಕೆ 10,000 ಡಾಲರ್. ಸೋಶಿಯಲ್ ಸೆಕ್ಯುರಿಟಿ (ಇಲ್ಲಿನ ಸರ್ಕಾರಿ ಪಿಂಚಣಿ) ದುಡ್ಡು ಬಿಟ್ಟು ಲೆಕ್ಕ, ನಿಜ, ಆದ್ರೂ 10,000 ಅಂದ್ರೆ ಏನು ಸ್ವಾಮಿ, ಟ್ಯಾಕ್ಸ್ ಬಿಲ್ಲೇ ಅದಕ್ಕಿಂತ ಜಾಸ್ತಿ ಇದೆ! ಮಾವ ರಿಟೈರ್ಮೆಂಟ್ ಅಕೌಂಟಿಂದ ವರ್ಷಕ್ಕೆ 18,000 ತೆಗೀತಾರೆ, ಮೇಲೆ ಊರಿನ ಎಫ್‌ಡಿ ಬಡ್ಡಿ. ಕಿಟಕಿ ಹಿಂದಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ ಫಾರ್ಮ್ ವಾಪಸ್ ತಳ್ಳಿದ್ರು. ನಮಗೆ ಗೊತ್ತಿರೋ ಒಬ್ಬ ಆಂಟಿ, ಯಜಮಾನರು ಹೋದ್ಮೇಲೆ ಬರೀ ಸೋಶಿಯಲ್ ಸೆಕ್ಯುರಿಟಿ ಮೇಲೆ ಒಬ್ರೇ ಇದಾರೆ, ಅವರಿಗೆ ಮಾತ್ರ ಇದು ಸಿಗ್ತಿದೆ. ಅವರೂ ಪ್ರತಿ ವರ್ಷ ಮಾರ್ಚ್ ಒಂದರೊಳಗೆ ನನ್ನ ವರಮಾನ ಇಷ್ಟೇ ಅಂತ ಇನ್ನೊಂದು ಕಾಗದ ಕೊಡ್ಬೇಕು. 250ಕ್ಕೆ. ಈ ಭಾಗಕ್ಕೆ ಸಿಂಗಲ್ ಸ್ಟಾರ್.

ನಾವು ಅಲ್ಲಿ ಸಪ್ಪಗೆ ನಿಂತಿರ್ವಾಗ್ಲೇ ಪಕ್ಕದ ಮನೆಯವರು ಕಂಡ್ರು, ನಾಯಿ ಲೈಸೆನ್ಸಿಗೆ ಬಂದಿದ್ರಂತೆ. ಮಾವ ಅವರನ್ನ ಮಿಲಿಟ್ರಿ ಅಂತಾನೇ ಕರೆಯೋದು. 1977ರಿಂದ 81ರವರೆಗೆ ಅಮೆರಿಕನ್ ಆರ್ಮಿಲಿ, ಜರ್ಮನಿಲಿ ಟ್ರಕ್ ರಿಪೇರಿ ಮಾಡ್ಕೊಂಡಿದ್ರು. ಗೋಡೆ ಮೇಲಿದ್ದ ವೆಟರನ್, ಅಂದ್ರೆ ಮಾಜಿ ಸೈನಿಕರ 250 ಡಾಲರ್ ಕಡಿತದ ನೋಟೀಸ್ ತೋರಿಸಿ ನೀವಿದನ್ನ ತಗೊಳ್ತಿದೀರಾ ಅಂದೆ. "ಅದು ಯುದ್ಧಕ್ಕೆ ಹೋದೋರಿಗೆ, ನಾನು ಹೋಗಿಲ್ಲ" ಅಂದ್ರು. ಹೌದು, ಮುಂಚೆ ಹಾಗೇ ಇತ್ತು, ಯುದ್ಧದ ಕಾಲ ಅಂತ ಕಾನೂನಲ್ಲಿ ಬರೆದಿರೋ ತಾರೀಖುಗಳ ಒಳಗೆ ಸೇವೆ ಮಾಡಿರ್ಬೇಕಿತ್ತು, ವಿಯೆಟ್ನಾಂ ಲೆಕ್ಕ 1975ಕ್ಕೆ ಮುಗಿಯುತ್ತೆ, ಇವರು ಸೇರಿದ್ದು 77ಕ್ಕೆ. ಆದ್ರೆ 2020ರ ನವೆಂಬರ್ ಚುನಾವಣೆಲಿ ಜನರ ಮುಂದೆ ಪ್ರಶ್ನೆ ಇಟ್ಟು ಆ ಷರತ್ತೇ ತೆಗೆದುಹಾಕಿದ್ರು, ಗೌರವದಿಂದ ಬಿಡುಗಡೆ ಆಗಿದ್ರೆ ಸಾಕು, ವರಮಾನದ ಮಿತಿನೂ ಇಲ್ಲ. ಇದನ್ನ ಕಿಟಕಿ ಹಿಂದಿನ ಹೆಂಗಸೇ ಹೇಳಿದ್ದು, ನಾನಲ್ಲ, ಅದಕ್ಕೆ ಅವರಿಗೆ ಒಂದು ಸ್ಟಾರ್ ವಾಪಸ್. ಆಮೇಲೆ ಅವರೇ ಹೇಳಿದ್ದು, ಹಿಂದಿನ ವರ್ಷಗಳದ್ದು ಸಿಗಲ್ಲ. ನಾಲ್ಕು ವರ್ಷ, 1,000 ಡಾಲರ್, ಹೋಯ್ತು. ಮಿಲಿಟ್ರಿ ಏನೂ ಅನ್ಲಿಲ್ಲ, ನಾಯಿ ಬಿಲ್ಲೆ ಜೇಬಿಗೆ ಹಾಕ್ಕೊಂಡು "ಪರವಾಗಿಲ್ಲ, ನಾನು ಕೇಳ್ಲಿಲ್ಲ" ಅಂದ್ರು.

ಅವರಿಗೆ ಬೇಕಾಗಿದ್ದು ಡಿಡಿ-214 ಅನ್ನೋ ಬಿಡುಗಡೆ ಪತ್ರ, ಅದೆಲ್ಲೋ ಕಳೆದಿತ್ತು. ಅಂಥವರು ಸೇಂಟ್ ಲೂಯಿಸ್‌ನ ಮಿಲಿಟರಿ ದಾಖಲೆಗಳ ಕೇಂದ್ರಕ್ಕೆ ಬರೆದು ಪ್ರತಿ ತರಿಸ್ಕೋಬಹುದು, ಮಾಜಿ ಸೈನಿಕರಿಗೆ ದುಡ್ಡಿಲ್ಲ. 1973ರಲ್ಲಿ ಆ ಕೇಂದ್ರಕ್ಕೆ ದೊಡ್ಡ ಬೆಂಕಿ ಬಿದ್ದು ಒಂದೂವರೆ ಕೋಟಿಗಿಂತ ಜಾಸ್ತಿ ಫೈಲು ಸುಟ್ಟೋಗಿದ್ವು, 1912ರಿಂದ 60ರ ಒಳಗೆ ಆರ್ಮಿ ಬಿಟ್ಟೋರದ್ದೇ ಹೆಚ್ಚು, ಹಾಗಾಗಿ ತುಂಬ ಹಳಬರಿಗೆ ಈ ಕಾಗದ ಸಿಗೋದು ಕಷ್ಟ. ನಮ್ಮ ಮಿಲಿಟ್ರಿದು ಆಮೇಲಿಂದಾಗಿದ್ರಿಂದ ಬಂತು.

250 ಅನ್ನೋದು ಇನ್ನೊಂದು ತಮಾಷೆ. ಈ ವೆಟರನ್ ಕಡಿತ ಮುಂಚೆ 50 ಡಾಲರ್ ಇತ್ತಂತೆ, 1999ರಲ್ಲಿ ಜನ ವೋಟ್ ಹಾಕಿ ಮೆಟ್ಟಲು ಮೆಟ್ಟಲಾಗಿ ಏರಿಸಿ 2003ಕ್ಕೆ 250 ಮಾಡಿದ್ರು, ಅಲ್ಲಿಗೆ ನಿಂತಿದೆ. ಹಾಲಿನ ರೇಟು ಎಲ್ಲಿಗೆ ಹೋಯ್ತು, ಇದು ಮಾತ್ರ ಅಲ್ಲೇ. ಅದೇ ಸೇವೆಯಿಂದ 100 ಪರ್ಸೆಂಟ್ ಶಾಶ್ವತ ಅಂಗವೈಕಲ್ಯ ಆಗಿದೆ ಅಂತ ವೆಟರನ್ಸ್ ಇಲಾಖೆ ಬರೆದುಕೊಟ್ರೆ ಮನೆ ಟ್ಯಾಕ್ಸ್ ಪೂರ್ತಿ ಮಾಫಿ, ಒಂದು ಡಾಲರೂ ಕಟ್ಟಂಗಿಲ್ಲ, ಅವರು ತೀರಿಕೊಂಡ್ರೂ ಮರುಮದುವೆ ಆಗದ ಸಂಗಾತಿಗೆ ಮುಂದುವರಿಯುತ್ತೆ. ಇದಕ್ಕೆ ಐದು ಸ್ಟಾರ್. ಆದ್ರೆ 90 ಪರ್ಸೆಂಟ್ ಅಂದ್ರೆ? ಮತ್ತೆ 250. ಡಲ್ಲಾಸಲ್ಲಿರೋ ನನ್ನ ತಮ್ಮನಿಗೆ ಫೋನಲ್ಲಿ ಇದನ್ನ ಹೇಳ್ದಾಗ ಅವನು ನಕ್ಕ. ಟೆಕ್ಸಸಲ್ಲಿ 10 ಪರ್ಸೆಂಟಿಂದಲೇ ಶುರುವಾಗುತ್ತೆ, 10ರಿಂದ 29ಕ್ಕೆ ಮನೆ ಬೆಲೆಲಿ 5,000 ಬಿಟ್ಟು ಟ್ಯಾಕ್ಸ್, ಹಂಗೇ ಮೇಲೆ ಹೋಗ್ತಾ 70 ದಾಟಿದ್ರೆ 12,000, ನೂರಾದ್ರೆ ಪೂರ್ತಿ ಮಾಫಿ. ದೊಡ್ಡ ಮೊತ್ತ ಏನಲ್ಲ, ಆದ್ರೆ ಮೆಟ್ಟಲಾದ್ರೂ ಇದೆ. ನಮ್ಮಲ್ಲಿ ಲಿಫ್ಟ್ ಇಲ್ಲಾಂದ್ರೆ ಹೊಸ್ತಿಲು, ಮಧ್ಯೆ ಏನೂ ಇಲ್ಲ.

ಸರಿ, ಈಗ ಹೋಲ್‌ಸೇಲ್ ಅಂಗಡಿ. ಇಲ್ಲಿ ಮೂರು ಸ್ಕೀಮು: ಆಂಕರ್, ಸೀನಿಯರ್ ಫ್ರೀಜ್, ಸ್ಟೇ ಎನ್‌ಜೆ. ಮುಂಚೆ ಬೇರೆಬೇರೆ ಅರ್ಜಿ ಇದ್ವು, 2025ರಿಂದ 65 ದಾಟಿದವರಿಗೆ ಮತ್ತೆ ಸೋಶಿಯಲ್ ಸೆಕ್ಯುರಿಟಿಯ ಅಂಗವೈಕಲ್ಯ ಭತ್ಯೆ ತಗೊಳ್ಳೋರಿಗೆ ಮೂರಕ್ಕೂ ಸೇರಿಸಿ ಒಂದೇ ಫಾರ್ಮು, ಹೆಸರು ಪಿಎಎಸ್-1. ನಾವು ತುಂಬಿದ್ದು 2024ನೇ ವರ್ಷದ್ದು, ಕೊನೇ ದಿನ 2025ರ ಅಕ್ಟೋಬರ್ 31 ಇತ್ತು. ಈ ಒಂದೇ ಫಾರ್ಮ್ ಮಾಡಿದೋರಿಗೆ ನನ್ನ ಕಡೆಯಿಂದ ಒಂದು ಕಾಫಿ.

ಆಂಕರ್ ಸುಲಭ. 65 ದಾಟಿದವರಿಗೆ ವರಮಾನ 150,000 ಒಳಗಿದ್ರೆ 1,750 ಡಾಲರ್, 250,000 ಒಳಗಿದ್ರೆ 1,250. ಬಾಡಿಗೆ ಮನೇಲಿರೋ ಹಿರಿಯರಿಗೂ 700 ಇದೆ, ಇದು ತುಂಬ ಜನಕ್ಕೆ ಗೊತ್ತೇ ಇಲ್ಲ. 65ರ ಒಳಗಿದ್ರೆ ಇದರಲ್ಲಿ 250 ಕಮ್ಮಿ, ಅರ್ಜಿ ಬೇರೆ.

ಸೀನಿಯರ್ ಫ್ರೀಜ್ ಅನ್ನೋದೇ ನಿಜವಾದ ಲೆಕ್ಕದ ಮೇಷ್ಟ್ರು. ಹೆಸರಲ್ಲಿರೋ ಹಂಗೆ ಟ್ಯಾಕ್ಸ್ ನಿಲ್ಲಿಸಲ್ಲ, ಬಿಲ್ ಏರ್ತಾನೇ ಇರುತ್ತೆ, ನೀವು ಕಟ್ತಾನೇ ಇರ್ತೀರಿ, ಆದ್ರೆ ನೀವು ಮೊದಲ ಸಲ ಅರ್ಹರಾದ ವರ್ಷದ ಬಿಲ್ಲನ್ನ ಬೇಸ್ ಅಂತ ಇಟ್ಕೊಂಡು, ಅದಕ್ಕಿಂತ ಎಷ್ಟು ಜಾಸ್ತಿ ಆಗಿದ್ಯೋ ಅಷ್ಟನ್ನ ವಾಪಸ್ ಕೊಡ್ತಾರೆ. ಮಾವ ಈಗ ಮೊದಲ ಸಲ ಹಾಕಿದ್ರಿಂದ ಬೇಸ್ 2023. ಆ ವರ್ಷದ ಬಿಲ್ 9,812, ಮುಂದಿನದು 10,236, ವ್ಯತ್ಯಾಸ 424 ಡಾಲರ್. ಮಾವ ರಿಟೈರ್ ಆಗಿದ್ದು 2016ರಲ್ಲಿ. ಆಗ್ಲೇ ಹಾಕಿದ್ರೆ ಆಗಿನ ಬಿಲ್ಲೇ ಬೇಸ್ ಆಗಿ ವರ್ಷ ವರ್ಷ ವ್ಯತ್ಯಾಸ ಬೆಳೀತಾ ಬರ್ತಿತ್ತು. ಎಷ್ಟು ಹೋಯ್ತು ಅಂತ ನಾನು ಒಂದು ರಾತ್ರಿ ಹಳೇ ಬಿಲ್ಲೆಲ್ಲ ಹರಡ್ಕೊಂಡು ಲೆಕ್ಕ ಹಾಕ್ದೆ, ಆ ಹಾಳೆ ಮಾವನಿಗೆ ತೋರಿಸಿಲ್ಲ, ತೋರ್ಸೋದೂ ಇಲ್ಲ.

ಇದರ ವರಮಾನದ ಲೆಕ್ಕ ಬೇರೆ ಥರ, ಇಲ್ಲಿ ಎಡವೋರು ಜಾಸ್ತಿ. ಆಂಕರ್‌ಗೆ ರಾಜ್ಯದ ಟ್ಯಾಕ್ಸ್ ರಿಟರ್ನಲ್ಲಿರೋ ವರಮಾನ ಸಾಕು, ಅದರಲ್ಲಿ ಸೋಶಿಯಲ್ ಸೆಕ್ಯುರಿಟಿ ಬರಲ್ಲ. ಫ್ರೀಜ್‌ಗೆ ಅದೂ ಬರುತ್ತೆ, ಹೆಚ್ಚೂಕಮ್ಮಿ ಎಲ್ಲಾನೂ ಬರುತ್ತೆ. ಮತ್ತೆ ಬ್ಯಾಂಕಿಗೆ ಬಿದ್ದ ಮೊತ್ತ ನೋಡಿ ಬರೆಯಂಗಿಲ್ಲ, ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಪ್ರೀಮಿಯಂ ಹಿಡ್ಕೊಂಡೇ ಬ್ಯಾಂಕಿಗೆ ಹಾಕಿರ್ತಾರೆ, ಜನವರಿಲಿ ಬರೋ ಎಸ್‌ಎಸ್‌ಎ-1099 ಅನ್ನೋ ಕಾಗದದ ಐದನೇ ಬಾಕ್ಸ್ ನೋಡ್ಬೇಕು. ಮಾವ "ಊರಿನ ಎಫ್‌ಡಿ ಬಡ್ಡಿ ರೂಪಾಯಿಲಲ್ವಾ ಬರೋದು, ಅದು ಇವರಿಗ್ಯಾಕೆ" ಅಂದ್ರು. ಬರೀಬೇಕು ಮಾವ ಅಂದೆ. "ಯಾರಿಗೆ ಗೊತ್ತಾಗುತ್ತೆ" ಅಂದ್ರು. ಅತ್ತೆ ಅಡುಗೆಮನೆಯಿಂದಲೇ "ಬರೀರೀ ಸುಮ್ನೆ" ಅಂದ್ರು, ಬರೆದ್ವಿ. ಹಂಗೂ ಎಲ್ಲ ಸೇರಿ 62,000 ಚಿಲ್ಲರೆ, 2024ರ ಮಿತಿ 168,268 ಇತ್ತು, ಯಾತಕ್ಕೆ ಮುಚ್ಚಿಡ್ಬೇಕು ಹೇಳಿ.

ಈಗ ಒಂದು 11 ಡಾಲರ್ ಕಥೆ. ಫ್ರೀಜ್‌ಗೆ ಎರಡೂ ವರ್ಷದ ಟ್ಯಾಕ್ಸ್ ಪೂರ್ತಿ ಕಟ್ಟಿರ್ಬೇಕು, 2024ರದ್ದು 2025ರ ಜೂನ್ ಒಂದರೊಳಗೆ ಚುಕ್ತಾ ಆಗಿರ್ಬೇಕು, ಅದಕ್ಕೆ ಸಾಕ್ಷಿ ಬೇಕು. ನಾವು ಮೇ ಮೂರನೇ ವಾರ ಎರಡನೇ ಸಲ ಕಿಟಕಿಗೆ ಹೋಗಿ ಸೈನ್ ಮಾಡಿ ಅಂದ್ರೆ, ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದ್ರು. ಬಾಕಿ ಇದೆ. ಎಷ್ಟು? 11 ಡಾಲರ್ 66 ಸೆಂಟ್. ಮಾವನ ಮುಖ ನೋಡ್ಬೇಕಿತ್ತು ನೀವು. 1996ರಿಂದ ಒಂದು ಬಿಲ್ ತಪ್ಪಿಸಿದ ಮನುಷ್ಯ ಅಲ್ಲ, ಎಲ್ಲ ರಸೀದಿನೂ ವರ್ಷದ ಪ್ರಕಾರ ರಬ್ಬರ್ ಬ್ಯಾಂಡ್ ಹಾಕಿ ಶೂ ಡಬ್ಬಿಲಿ ಇಟ್ಟಿದಾರೆ. ಕೆದಕಿದಾಗ ಗೊತ್ತಾಗಿದ್ದು ಇದು: 2024ರ ನವೆಂಬರ್ ಕಂತು, 2,559 ಡಾಲರ್, ಮಾವ 7ನೇ ತಾರೀಖು ಪೋಸ್ಟ್ ಮಾಡಿದ್ರು, ಹತ್ತನೇ ತಾರೀಖಿನವರೆಗೆ ತಡ ಆದ್ರೂ ಬಡ್ಡಿ ಹಾಕಲ್ಲ ಅಂತ. ಮಧ್ಯೆ ಶನಿವಾರ ಭಾನುವಾರ, ಸೋಮವಾರ 11ಕ್ಕೆ ವೆಟರನ್ಸ್ ಡೇ ರಜಾ, ಚೆಕ್ ಅವರ ಕೈಗೆ ಸಿಕ್ಕಿದ್ದು 14ಕ್ಕೆ. ಪೋಸ್ಟಿನ ಮುದ್ರೆ ಲೆಕ್ಕಕ್ಕಿಲ್ಲ, ಕೈಗೆ ಸಿಕ್ಕ ದಿನ ಲೆಕ್ಕ. ಮತ್ತೆ ಆ ಗಡುವು ದಾಟಿದ್ರೆ ಬಡ್ಡಿ ಒಂದನೇ ತಾರೀಖಿಂದಲೇ ಶುರು, ಮೊದಲ 1,500ಕ್ಕೆ ವರ್ಷಕ್ಕೆ 8 ಪರ್ಸೆಂಟ್, ಅದರ ಮೇಲಿಂದಕ್ಕೆ 18. ಹದಿಮೂರು ದಿನಕ್ಕೆ 11 ಡಾಲರ್ 21 ಸೆಂಟ್. ಅದಕ್ಕೆ ಆರು ತಿಂಗಳ ಬಡ್ಡಿ 45 ಸೆಂಟ್. ಒಂದು ಕಾಗದ ಕಳಿಸಿದ್ರೆ ಮಾವ ಅವತ್ತೇ ಕಟ್ಟಿರೋರು, ಯಾರೂ ಕಳಿಸಿಲ್ಲ. ಇನ್ನೊಂದು ಹದಿನೈದು ದಿನ ಬಿಟ್ಟು ಬಂದಿದ್ರೆ ಆ 11 ಡಾಲರಿಗೆ ಇಡೀ ಫ್ರೀಜ್ ಹೋಗಿರೋದು, ಬೇಸ್ ವರ್ಷ ಮತ್ತೆ ಮುಂದಕ್ಕೆ. ಕೇಳಿದ್ರೆ "ಸಿಸ್ಟಮ್ ಹಂಗಿದೆ" ಅಂತಾರೆ. ನಾನು ಗಾಜಿನ ಮೇಲೆ ಕೈಯಿಟ್ಟು ಏನೋ ಹೇಳೋಕೆ ಹೋದೆ, ಮಾವ ನನ್ನ ತಡೆದು ಪರ್ಸ್ ತೆಗೆದ್ರು.

ಕಟ್ಟಿದ್ಮೇಲೆ ಮಾತ್ರ ಅದೇ ಕನ್ನಡಕದ ಹೆಂಗಸು ಎರಡೂ ವರ್ಷದ ಲೆಕ್ಕ ಪ್ರಿಂಟ್ ತೆಗೆದು, ಸೀಲ್ ಹೊಡೆದು, ಮನೆ ಬ್ಲಾಕ್ ನಂಬರ್ ಲಾಟ್ ನಂಬರ್ ಎಲ್ಲಿ ಬರೀಬೇಕು ಅಂತ ಪೆನ್ಸಿಲಲ್ಲಿ ಗುರುತು ಹಾಕಿ ಕೊಟ್ರು. ಮಾವ "ಥ್ಯಾಂಕ್ಯೂ ಕಲೆಕ್ಟರ್ ಮೇಡಂ" ಅಂದ್ರು. ಅವರು ಕಲೆಕ್ಟರ್ ಅಲ್ಲ, ಕ್ಲರ್ಕ್, ಆದ್ರೆ ನಕ್ಕರು, ತಿದ್ದಲಿಲ್ಲ.

ಮೂರನೇದು ಸ್ಟೇ ಎನ್‌ಜೆ. ಇದು ಹೊಸದು, ಕಾನೂನು ಆಗಿದ್ದು 2023ರಲ್ಲಿ, ದುಡ್ಡು ಕೊಡೋ ಲೆಕ್ಕ 2026ರಿಂದ, ಮೂರು ತಿಂಗಳಿಗೊಂದು ಕಂತಲ್ಲಿ. ನಾವು ಹಾಕಿದ 2024ರ ಅರ್ಜಿ ಪ್ರಕಾರ ವರಮಾನ 500,000 ಒಳಗಿರೋ 65 ದಾಟಿದ ಮನೆ ಮಾಲೀಕರಿಗೆ ಬಿಲ್ಲಿನ ಅರ್ಧದವರೆಗೆ, ಜಾಸ್ತಿ ಅಂದ್ರೆ 6,500. ಆದ್ರೆ ಆ ಅರ್ಧದಲ್ಲಿ ಆಂಕರ್, ಫ್ರೀಜ್ ಎರಡನ್ನೂ ಕಳೆದು ಮಿಕ್ಕಿದ್ದು ಮಾತ್ರ ಇದು. ನಮ್ಮ ಲೆಕ್ಕ: ಬಿಲ್ಲಿನ ಅರ್ಧ 5,118, ಅದರಲ್ಲಿ 1,750 ಮತ್ತೆ 424 ಹೋದ್ರೆ 2,944. ಹಾಗಾಗಿ ಎಲ್ಲ ಸೇರಿ ಅರ್ಧ ಬಿಲ್ ವಾಪಸ್ ಅನ್ಕೊಳ್ಳಿ. 1,750 ಮತ್ತೆ 6,500 ಎರಡೂ ಕೂಡಿಸಿ ಕನಸು ಕಾಣೋರನ್ನ ನೋಡಿದೀನಿ, ಹಾಗಲ್ಲ. ಇನ್ನೊಂದು, ಇದೆಲ್ಲ ರಾಜ್ಯದ ಬಜೆಟ್ ಮೇಲೆ ನಿಂತಿರೋದು, ಪ್ರತಿ ಜುಲೈಗೆ ಹೊಸ ಬಜೆಟ್, ಆಯಾ ವರ್ಷ ಎಷ್ಟು ಎತ್ತಿಡ್ತಾರೋ ನೋಡ್ಕೊಂಡೇ ಲೆಕ್ಕ ಹಾಕ್ಬೇಕು.

ಇನ್ನು ನಮ್ಮ ಕನ್ನಡದವರಿಗೆ ಮುಖ್ಯವಾಗಿ ಹೇಳ್ಬೇಕಾಗಿರೋದು. ಇಲ್ಲಿರೋ ಎಷ್ಟೋ ಅಪ್ಪ ಅಮ್ಮಂದಿರು ಗ್ರೀನ್ ಕಾರ್ಡ್ ಮೇಲೆ ಬಂದು ಮಗನ ಮನೇಲಿ ಇರ್ತಾರೆ. ಮನೆ ಪತ್ರ ಮಗ ಸೊಸೆ ಹೆಸರಲ್ಲಿ. ಅವರಿಗೆ 80 ಆಗಿರ್ಲಿ 90 ಆಗಿರ್ಲಿ ಇದ್ಯಾವುದೂ ಇಲ್ಲ, ಯಾಕಂದ್ರೆ ಟ್ಯಾಕ್ಸ್ ಮಾಲೀಕನ ವಯಸ್ಸು ನೋಡುತ್ತೆ, ಮನೇಲಿರೋರ ವಯಸ್ಸಲ್ಲ. ನಮ್ಮ ಯಜಮಾನರ ಕಡೆ ಒಬ್ರು ಚಿಕ್ಕಪ್ಪ ಹಂಗೇ ಇದಾರೆ, ಮಗ ಸೊಸೆ ಇಬ್ರೂ ಸಾಫ್ಟ್‌ವೇರ್, ಇಬ್ಬರ ಸಂಬಳ ಸೇರಿ ಆಂಕರ್ ಮಿತಿನೂ ದಾಟುತ್ತೆ, ಅಲ್ಲಿಗೆ ಸೊನ್ನೆ. ರಿಯಾಯಿತಿ ಆಸೆಗೆ ಮನೆ ಪತ್ರದಲ್ಲಿ ಹೆಸರು ಸೇರಿಸೋಕೆ ಓಡ್ಬೇಡಿ ಮತ್ತೆ, ಪಾಲುದಾರರಿದ್ರೆ ಪಾಲಿನಷ್ಟೇ ಸಿಗೋದು, ಸಾಲ, ಇನ್ಶೂರೆನ್ಸು, ಮುಂದೆ ಮಾರೋ ಟ್ಯಾಕ್ಸು ಅಂತ ಬೇರೆ ತಲೆನೋವು ಶುರುವಾಗುತ್ತೆ.

ಅಂಗವೈಕಲ್ಯದ್ದು ನನಗೆ ತುಂಬ ಬೇಜಾರಾದ ಭಾಗ. ನನ್ನ ಸ್ನೇಹಿತೆ ಮಗನಿಗೆ 24, ಮಾತು ಬರಲ್ಲ, ಜೀವನಪೂರ್ತಿ ಅಪ್ಪ ಅಮ್ಮನ ಜೊತೆನೇ. ಮನೆ ಅವರ ಹೆಸರಲ್ಲಿ. ಫ್ರೀಜ್ ನಿಯಮ ಏನನ್ನುತ್ತೆ ಅಂದ್ರೆ ಅಂಗವೈಕಲ್ಯ ಭತ್ಯೆ ಅರ್ಜಿದಾರರಿಗೇ ಬರ್ತಿರ್ಬೇಕು, ಬೇರೆಯವರ ಪರವಾಗಿ ತಗೊಳ್ತಿರೋದು ಲೆಕ್ಕಕ್ಕಿಲ್ಲ. ಆ ಮನೆ ಬಾಗಿಲಿಗೆ ರ‍್ಯಾಂಪ್ ಹಾಕಿಸಿ, ಬಚ್ಚಲಮನೆ ಒಡೆದು ಕಟ್ಟಿಸಿ, ಒಬ್ರು ಕೆಲಸ ಬಿಟ್ಟು ಕೂತಿರೋರಿಗೆ ಈ ಪಟ್ಟಿಲಿ ಜಾಗ ಇಲ್ಲ. ಅವಳು 65 ಆಗೋವರೆಗೆ ಕಾಯ್ಬೇಕು, ಇನ್ನೂ ಹದಿಮೂರು ವರ್ಷ.

ಟೆಕ್ಸಸಲ್ಲಿರೋ ತಮ್ಮ ನಕ್ಕ ಅಂದ್ನಲ್ಲ, ನ್ಯಾಯವಾಗಿ ಹೇಳ್ಬೇಕಂದ್ರೆ ಅಲ್ಲಿನ ದಾರಿ ನನಗೂ ಇಷ್ಟ. ಅಲ್ಲಿ ಸ್ಕೂಲ್ ಟ್ಯಾಕ್ಸ್ ಲೆಕ್ಕಕ್ಕೆ ಎಲ್ಲರ ವಾಸದ ಮನೆಗೂ 140,000 ಬಿಡ್ತಾರೆ, 65 ದಾಟಿದವರಿಗೆ ಅಂಗವಿಕಲರಿಗೆ ಇನ್ನೂ 60,000, ಜೊತೆಗೆ ಅವರ ಸ್ಕೂಲ್ ಟ್ಯಾಕ್ಸಿಗೆ ಒಂದು ಗಡಿ ಹಾಕಿ ನಿಲ್ಲಿಸ್ತಾರೆ. ಬಿಲ್ ಬರೋವಾಗ್ಲೇ ಕಮ್ಮಿ ಬರುತ್ತೆ. ನಮ್ಮಲ್ಲಿ 10,000 ಮೊದ್ಲು ಕಿತ್ಕೊಂಡು, ಒಂದು ವರ್ಷ ಆದ್ಮೇಲೆ, ಅರ್ಜಿ ಹಾಕಿದೋರಿಗೆ ಮಾತ್ರ, ಮೂರು ಹೆಸರಲ್ಲಿ ವಾಪಸ್. ಕೈಲಿ ದುಡ್ಡಿಲ್ಲದ ಮುದುಕರು ಮೊದಲ 10,000 ಎಲ್ಲಿಂದ ತರ್ಬೇಕು?

ಮಾವನಿಗೆ ಮೊದ್ಲು ಇದೆಲ್ಲ ಬೇಡವೇ ಬೇಡ ಆಗಿತ್ತು. "ಸರ್ಕಾರದ ಮುಂದೆ ಕೈ ಚಾಚೋ ಗತಿ ನಮಗೇನ್ ಬಂದಿದೆ ಬಿಡಮ್ಮ" ಅಂತಿದ್ರು. ನಾನು, ನಿಮ್ಮ ಬಿಲ್ಲಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕೂಲಿಗೆ ಹೋಗುತ್ತೆ, ನಿಮ್ಮ ಮಕ್ಕಳು ಓದು ಮುಗಿಸಿ ಇಪ್ಪತ್ತು ವರ್ಷ ಆಯ್ತು ಅಂದೆ. ಅದಕ್ಕೆ ಅವರು ಹೇಳಿದ್ದು ಬೇರೇನೇ. "ನನ್ನ ಮಕ್ಕಳು ಓದುವಾಗ ಈ ಬೀದಿ ಮುದುಕರು ಕಟ್ಟಿರ್ಲಿಲ್ವಾ, ಈಗ ನನ್ನ ಸರದಿ." ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಆದ್ರೂ ಫಾರ್ಮ್ ತುಂಬಿಸ್ದೆ. 424 ಆಗಸ್ಟಲ್ಲಿ ಬಂತು, 1,750 ಸೆಪ್ಟೆಂಬರ್ ಕೊನೇಲಿ. ಎರಡನೇದು ಬಂದ ದಿನ ಮಾವ ಬ್ಯಾಂಕ್ ಆ್ಯಪ್ ಓಪನ್ ಮಾಡಿ ಅತ್ತೆಗೆ ತೋರಿಸಿ, ಆಮೇಲೆ ಮಿಲಿಟ್ರಿ ಮನೆಗೆ ಹೋಗಿ ಅವರಿಗೂ 65 ದಾಟಿದೆ ಅಂತ ನೆನಪಿಸಿ, ಅವರ ಪಿಎಎಸ್-1 ತುಂಬೋಕೆ ನನ್ನನ್ನೇ ಒಪ್ಪಿಸಿ ಬಂದ್ರು. ನನ್ನ ಕೇಳ್ಲಿಲ್ಲ.

ಹೋಗೋರಿಗೆ ಎರಡು ಮಾತು: ಹನ್ನೆರಡರಿಂದ ಎರಡರ ಮಧ್ಯೆ ಹೋಗ್ಬೇಡಿ, ಏನಾದ್ರೂ ಬಾಕಿ ಇದ್ಯಾ ಅಂತ ಫಾರ್ಮ್ ತುಂಬೋ ಮುಂಚೆನೇ ಕೇಳಿ. ಚೆಕ್‌ಬುಕ್ ತಗೊಂಡೇ ಹೋಗಿ, ಕಾರ್ಡಿಗೆ ಮೇಲೆ ಫೀಸ್ ಹಾಕ್ತಾರೆ. ಮಾವ ಅವತ್ತು 11 ಡಾಲರ್ 66 ಸೆಂಟಿಗೂ ಚೆಕ್ಕೇ ಬರೆದ್ರು, ಅಕ್ಷರದಲ್ಲಿ ಅಂಕಿಯಲ್ಲಿ ಎರಡು ಸಲ ನೋಡಿ, ರಸೀದಿ ಇಸ್ಕೊಂಡು ಕಾರಲ್ಲೇ ರಬ್ಬರ್ ಬ್ಯಾಂಡ್ ಕೇಳಿದ್ರು.